ಹೊಸ ಪಾಠಕ್ಕಿಂತ ಹಳೇ ಪಾಠದ ರಿಪೇರಿಯೇ ಜಾಸ್ತಿ

ಮೋಷನ್ ಗ್ರಾಫಿಕ್ಸ್, ಅಂದರೆ ಚಿತ್ರ, ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಚಲಿಸುವ ಹಾಗೆ ಮಾಡುವುದನ್ನು ಕಲಿಸುವ ನನ್ನ ಟ್ಯುಟೋರಿಯಲ್ ಸೈಟಿನಲ್ಲಿ ಎಲ್ಲ ಪಾಠಗಳ ಪಟ್ಟಿ ಇರುವ ಒಂದು ಪುಟ ಇದೆ. ಪಾಠಗಳ ಹೆಸರು ಬಿಟ್ಟು ತಾರೀಖುಗಳನ್ನು ಮಾತ್ರ ಓದಿಕೊಂಡು ಹೋದರೆ ನನ್ನ ಫ್ರೀಲಾನ್ಸ್ ಬದುಕಿನ ಲೆಕ್ಕ ಪೂರ್ತಿ ಸಿಗುತ್ತದೆ. ಒಂದು ತಿಂಗಳಲ್ಲಿ ಐದು ಪಾಠ ಬಂದಿವೆ, ಅಂದರೆ ಆ ತಿಂಗಳು ಕೈಯಲ್ಲಿ ಒಂದೂ ಕೆಲಸ ಇರಲಿಲ್ಲ. ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ, ಅಂದರೆ ಎರಡು ಎಕ್ಸ್‌ಪ್ಲೇನರ್ ವಿಡಿಯೊ ಮತ್ತು ಒಂದು ಟೈಟಲ್ ಸೀಕ್ವೆನ್ಸ್ ಒಟ್ಟಿಗೇ ಬಂದು ತಲೆ ಮೇಲೆ ಕೂತಿದ್ದವು. ಇಂಥ ಖಾಲಿ ತಿಂಗಳಲ್ಲಿ ಯಾರಾದರೂ ಮೇಲ್ ಹಾಕುತ್ತಾರೆ, ‘ಸೈಟ್ ನಿಲ್ಲಿಸಿಬಿಟ್ರಾ? ಎಲ್ಲ ಸರಿ ಇದೆ ತಾನೇ?’ ಅಂತ. ಸರಿ ಇದೆ, ಸರಿ ಇರುವುದಕ್ಕೇ ಪಾಠ ಬಂದಿಲ್ಲ ಅಂತ ಹೇಳಬೇಕು ಅನಿಸುತ್ತದೆ. ಪಾಠದ ಮೇಲೆ ಪಾಠ ಬರುತ್ತಿದ್ದಾಗ ಯಾರೂ ವಿಚಾರಿಸುವುದಿಲ್ಲ. ವಿಚಾರಿಸಬೇಕಾದದ್ದು ಆಗಲೇ.

ಶುರು ಮಾಡಿದಾಗ ನನಗೆ ದೊಡ್ಡ ಕನಸಿತ್ತು. ವಾರಕ್ಕೊಂದು ಪಾಠ. ಆರು ವಾರ ನಡೆಯಿತು.

ಹತ್ತು ನಿಮಿಷದ ಪಾಠಕ್ಕೆ ನನಗೆ ಹತ್ತಿರ ಹತ್ತಿರ ಮೂರು ದಿನ ಬೇಕು. ಕೇಳಿದವರು ನಂಬುವುದಿಲ್ಲ. ಸ್ಕ್ರೀನ್ ರೆಕಾರ್ಡ್ ಮಾಡಿ ಮಾತಾಡುವುದು ಅಷ್ಟೇ ಅಲ್ವಾ ಅಂತಾರೆ. ಮಾತಾಡುವುದು ಒಂದು ಗಂಟೆಯ ಕೆಲಸ, ಸರಿ. ಅದಕ್ಕೂ ಮೊದಲು ನಾನು ಕಲಿಸಬೇಕಾದ್ದನ್ನು ಮೊದಲಿನಿಂದ ಒಂದು ಸಲ ಕಟ್ಟಬೇಕು, ಆಮೇಲೆ ರೆಕಾರ್ಡ್ ಆನ್ ಮಾಡಿ ಗೊತ್ತಿಲ್ಲದವರ ಥರ ಮತ್ತೆ ಕಟ್ಟಬೇಕು, ನಡುವೆ ತಪ್ಪಾದರೆ ಆ ತಪ್ಪನ್ನು ಇಟ್ಟುಕೊಳ್ಳಬೇಕಾ ತೆಗೆಯಬೇಕಾ ಅಂತ ಯೋಚಿಸಬೇಕು (ಇಟ್ಟುಕೊಂಡರೆ ಒಳ್ಳೆಯದು, ನೋಡುವವರಿಗೂ ಅದೇ ತಪ್ಪಾಗುತ್ತದೆ), ಉಸಿರು ಎಳೆದದ್ದು, ‘ಅಂದ್ರೆ, ಅಂದ್ರೆ’ ಅಂದದ್ದು ಎಲ್ಲ ಕತ್ತರಿಸಬೇಕು. ಕೊನೆಗೆ ಪ್ರಾಜೆಕ್ಟ್ ಫೈಲ್. ನನ್ನ ಫೈಲಿನಲ್ಲಿ ಲೇಯರ್‌ಗಳ (ಒಂದರ ಮೇಲೊಂದು ಕೂರುವ ಪದರಗಳ) ಹೆಸರು ‘ಶೇಪ್ ಲೇಯರ್ 47’ ಅಂತಲೇ ಇರುತ್ತದೆ, ನನಗೊಬ್ಬನಿಗೆ ಅದು ಸಾಕು. ಬೇರೆಯವರು ತೆರೆಯುವ ಫೈಲಿಗೆ ಒಂದೊಂದಕ್ಕೂ ಹೆಸರಿಡಬೇಕು. ಫಾಂಟ್ ಫೈಲನ್ನು ಜೊತೆಗೆ ಕೊಡುವ ಹಾಗಿಲ್ಲ, ಲೈಸೆನ್ಸ್ ಬಿಡುವುದಿಲ್ಲ, ಹಾಗಾಗಿ ಅಕ್ಷರಗಳನ್ನು ಶೇಪ್ ಆಗಿ ಬದಲಾಯಿಸಬೇಕು. ಆನಿಮೇಶನ್ ಮಾಡುವ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ, ಅದಕ್ಕೆ ಹಳೇ ಆವೃತ್ತಿಗೆ ಒಂದು ಕಾಪಿ. ಮೂರು ದಿನ ಹೀಗೆ ಹೋಗುತ್ತದೆ.

ಇನ್ನೊಂದು ತೊಂದರೆ ಹೊರಗಿನವರಿಗೆ ಕಾಣುವುದಿಲ್ಲ. ನಾನು ನಿಜವಾಗಿ ಏನಾದರೂ ಹೊಸದು ಕಲಿಯುವುದು ಕ್ಲೈಂಟ್ ಕೆಲಸದಲ್ಲಿ, ರಾತ್ರಿ ಎರಡು ಗಂಟೆಗೆ, ಬೆಳಿಗ್ಗೆ ಕೊಡಲೇಬೇಕಾದ ಶಾಟ್ ಹಾಳಾಗಿ ಕೂತಾಗ. ಆದರೆ ಆ ಕೆಲಸವನ್ನು ತೋರಿಸುವ ಹಾಗಿಲ್ಲ, ಬಾಯಿ ಬಿಡುವುದಿಲ್ಲ ಅಂತ ಸಹಿ ಹಾಕಿರುತ್ತೇನೆ. ಹಾಗಾಗಿ ಅದೇ ಕಷ್ಟವನ್ನು ಗುರುತು ಸಿಗದ ಹಾಗೆ ಮತ್ತೆ ಕಟ್ಟಬೇಕು. ನನ್ನ ಪಾಠಗಳಲ್ಲಿ ಯಾವಾಗಲೂ ಬರೀ ವೃತ್ತ, ಚೌಕಗಳೇ ಯಾಕೆ ಓಡಾಡುತ್ತವೆ ಅಂತ ಒಬ್ಬರು ಕೇಳಿದ್ದರು. ಸರಳವಾಗಿರಲಿ ಅಂತ ಅಂದುಕೊಂಡಿದ್ದರಂತೆ. ಅಲ್ಲ, ಆ ವೃತ್ತ ಒಂದು ಕಂಪನಿಯ ಲೋಗೊ ಆಗಿತ್ತು.

ಈಸಿಂಗ್ (ಚಲನೆ ನಿಧಾನಕ್ಕೆ ಏಳುವುದು, ನಿಧಾನಕ್ಕೆ ನಿಲ್ಲುವುದು) ಪಾಠದ ಕಥೆ ಹೇಳುತ್ತೇನೆ, ನಾನು ದಾರಿ ಬದಲಾಯಿಸಿದ್ದು ಅದರಿಂದಲೇ.

ಬಹಳ ದಿನ ನಾನು ಬೇರೆ ಎಲ್ಲರ ಹಾಗೆ ‘ಕೀಫ್ರೇಮ್ ಆರಿಸಿ, ಎಫ್9 ಒತ್ತಿ’ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಕೀಫ್ರೇಮ್ ಅಂದರೆ ಚಲನೆ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಅಂತ ಇಡುವ ಗುರುತು, ಎಫ್9 ಅದಕ್ಕೆ ಈಸಿಂಗ್ ಹಾಕುವ ಕೀ. ಒಬ್ಬರು ಬರೆದರು, ‘ಎಫ್9 ಒತ್ತಿದೆ, ಆದರೂ ನನ್ನದು ಲಿಫ್ಟ್ ಥರ ಚಲಿಸುತ್ತದೆ, ನಿಮ್ಮದು ಹಾಗಿಲ್ಲ, ಯಾಕೆ?’ ಒಳ್ಳೇ ಪ್ರಶ್ನೆ. ಉತ್ತರ ನನ್ನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಎಫ್9 ಒತ್ತಿದರೆ ಎರಡೂ ಕೀಫ್ರೇಮ್‌ಗೆ ಶೇಕಡಾ 33.33ರ ಇನ್‌ಫ್ಲುಯೆನ್ಸ್ (ಆ ನಿಧಾನ ಎಷ್ಟು ದೂರ ಹರಡಬೇಕು ಅನ್ನುವ ಅಳತೆ) ಬೀಳುತ್ತದೆ, ಎರಡೂ ಕಡೆ ಸಮ. ಏಳುವಾಗ ಎಷ್ಟು ಸೋಮಾರಿತನವೋ ಕೂರುವಾಗಲೂ ಅಷ್ಟೇ. ಲಿಫ್ಟ್ ಇರುವುದೇ ಹಾಗೆ ಅಲ್ವಾ. ನಾನು ಕೈ ಅಭ್ಯಾಸದಲ್ಲಿ ಗ್ರಾಫ್ ಎಡಿಟರ್ ತೆರೆದು, ಸ್ಪೀಡ್ ಗ್ರಾಫ್‌ನಲ್ಲಿ (ವೇಗವನ್ನು ಗುಡ್ಡದ ಹಾಗೆ ತೋರಿಸುವ ಗೆರೆ) ಕೊನೆಯ ಕೀಫ್ರೇಮ್‌ನ ಹಿಡಿಯನ್ನು ಎಡಕ್ಕೆ ಎಳೆದು 80ರ ಹತ್ತಿರ ತರುತ್ತಿದ್ದೆ, ಮೊದಲನೆಯದನ್ನು 10ಕ್ಕೆ ಇಳಿಸುತ್ತಿದ್ದೆ. ಗುಡ್ಡದ ತುದಿ ಎಡಕ್ಕೆ ಸರಿಯುತ್ತದೆ. ಚಟ್ ಅಂತ ಹೊರಟು ನಿಧಾನಕ್ಕೆ ಬಂದು ನಿಲ್ಲುತ್ತದೆ. ನನಗೆ ಇದು ಎಷ್ಟು ರೂಢಿಯಾಗಿತ್ತು ಅಂದರೆ ವಿಡಿಯೊದಲ್ಲಿ ಆ ಭಾಗವನ್ನು ‘ಸುಮ್ನೆ ಸ್ವಲ್ಪ ಸರಿ ಮಾಡ್ಕೊಳ್ಳೋಣ’ ಅಂದು ನಾಲ್ಕು ಸೆಕೆಂಡಿನಲ್ಲಿ ಮುಗಿಸಿದ್ದೆ. ಪಾಠ ಇದ್ದದ್ದು ಆ ನಾಲ್ಕು ಸೆಕೆಂಡಿನಲ್ಲೇ.

ವಿಡಿಯೊ ಸರಿ ಮಾಡೋಣ ಅಂದರೆ ಆಗುವುದಿಲ್ಲ. ಯೂಟ್ಯೂಬ್‌ಗೆ ಹಾಕಿದ ವಿಡಿಯೊದಲ್ಲಿ ಒಂದು ಭಾಗ ಕತ್ತರಿಸಬಹುದು, ಅದೇ ಲಿಂಕಿನಲ್ಲಿ ಹೊಸ ವಿಡಿಯೊ ಇಡಲು ಬಿಡುವುದಿಲ್ಲ. ಹಾಗಾಗಿ ಒಂದು ಪುಟ ಬರೆದೆ. ಪಕ್ಕದಲ್ಲಿ ಎರಡು ಚೆಂಡು, ಒಂದು ಎಫ್9 ಚೆಂಡು, ಒಂದು ನನ್ನ ಚೆಂಡು, ಎರಡನ್ನೂ ಜಿಫ್ ಮಾಡಿ ಹಾಕಿದೆ. ಎರಡೇ ದಿನಕ್ಕೆ ಅದೇ ಓದುಗರು ಮತ್ತೆ ಬರೆದರು, ‘ನಿಮ್ಮ ಚೆಂಡೂ ತಡವರಿಸುತ್ತಿದೆ.’

ಸರಿಯಾಗೇ ನೋಡಿದ್ದರು. ನಾನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ, ಅಂದರೆ 30 ಬಿಡಿ ಚಿತ್ರಗಳ ಲೆಕ್ಕದಲ್ಲಿ, ಕೆಲಸ ಮಾಡಿದ್ದೆ. ಜಿಫ್ ಒಳಗೆ ಒಂದು ಫ್ರೇಮ್ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆದಿಡುತ್ತಾರೆ, ಅದೂ ಪೂರ್ಣ ಸಂಖ್ಯೆಯಲ್ಲಿ. 25 ಫ್ರೇಮ್ ಆಗಿದ್ದರೆ ಒಂದೊಂದಕ್ಕೂ 4, ಲೆಕ್ಕ ಸರಿ ಹೋಗುತ್ತದೆ. 30 ಫ್ರೇಮ್‌ಗೆ 3.33 ಬೇಕು, ಅದು ಇಲ್ಲ. ಒಂದಕ್ಕೆ 3, ಇನ್ನೊಂದಕ್ಕೆ 4 ಅಂತ ಹಂಚಿಕೊಂಡು ಓಡುತ್ತಿತ್ತು. ನಯವಾದ ಚಲನೆ ಹೇಗೆ ಅಂತ ಕಲಿಸುವ ಪುಟದಲ್ಲಿ ಚೆಂಡು ಕುಂಟುತ್ತಿತ್ತು! ಜೊತೆಗೆ ಜಿಫ್‌ಗೆ ಒಂದು ಫ್ರೇಮಿಗೆ 256 ಬಣ್ಣ ಅಷ್ಟೇ, ಗ್ರೇಡಿಯೆಂಟ್ ಎಲ್ಲ ಪಟ್ಟೆ ಪಟ್ಟೆ. ಆವತ್ತೇ ಅಷ್ಟೂ ಜಿಫ್ ತೆಗೆದು, ಶಬ್ದ ಇಲ್ಲದೆ ತನ್ನಷ್ಟಕ್ಕೆ ಸುತ್ತುವ ಪುಟ್ಟ ಎಂಪಿ4 ಹಾಕಿದೆ. ಫೈಲು ಚಿಕ್ಕದೂ ಆಯಿತು. ಇಡೀ ರಿಪೇರಿಗೆ ಹಿಡಿದದ್ದು ನಲವತ್ತು ನಿಮಿಷ, ಅದೂ ಕ್ಲೈಂಟ್‌ನ ಒಂದು ಶಾಟ್ ರೆಂಡರ್ ಆಗುತ್ತಿದ್ದ (ಕಂಪ್ಯೂಟರ್ ಅಂತಿಮ ವಿಡಿಯೊ ತಯಾರಿಸುತ್ತಿದ್ದ) ಹೊತ್ತಿನಲ್ಲಿ.

ಹೊಸ ಪಾಠಕ್ಕೆ ಮೂರು ದಿನ ಒಟ್ಟಿಗೆ ಬೇಕು. ಫ್ರೀಲಾನ್ಸ್ ಮಾಡುವವರ ಹತ್ತಿರ ಮೂರು ದಿನ ಒಟ್ಟಿಗೆ ಇರುವುದಿಲ್ಲ, ಇದ್ದರೆ ಅದು ಭಯ ಬೀಳಬೇಕಾದ ವಿಷಯ. ಆದರೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಬೇಕಾದಷ್ಟು ಬಿದ್ದಿರುತ್ತವೆ. ರೆಂಡರ್ ಆಗುವಾಗ, ಕ್ಲೈಂಟ್ ‘ನೋಡಿ ಹೇಳ್ತೀವಿ’ ಅಂದು ಮಾಯವಾದಾಗ, ಹತ್ತೂವರೆಗೆ ಅಂದ ಮೀಟಿಂಗ್ ಹನ್ನೊಂದಾದರೂ ಶುರುವಾಗದಿದ್ದಾಗ. ಈ ಚೂರುಗಳಲ್ಲಿ ಹೊಸದು ಕಟ್ಟಲು ಆಗುವುದಿಲ್ಲ, ಹಳೆಯದನ್ನು ಸರಿ ಮಾಡಬಹುದು. (ಮಧ್ಯೆ ಒಂದು ದುಃಖ. ಆಫ್ಟರ್ ಎಫೆಕ್ಟ್ಸ್‌ನ 2021ರ 22.0 ಆವೃತ್ತಿಯಲ್ಲಿ ಒಟ್ಟಿಗೇ ಹಲವು ಫ್ರೇಮ್ ತಯಾರಿಸುವ ಮಲ್ಟಿ-ಫ್ರೇಮ್ ರೆಂಡರಿಂಗ್ ಬಂದು ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ ದುಡಿಯಲು ಶುರು ಮಾಡಿದವು. ರೆಂಡರ್ ಬೇಗ ಮುಗಿಯುತ್ತದೆ, ಅದು ನಡೆಯುವಾಗ ಬೇರೆ ಏನೂ ಸರಿಯಾಗಿ ಅಲುಗಾಡುವುದಿಲ್ಲ. ಕ್ಲೈಂಟ್‌ಗೆ ಲಾಭ, ಸೈಟಿಗೆ ನಷ್ಟ.)

ರಿಪೇರಿಗೆ ಕೊರತೆಯೇ ಇಲ್ಲ. ಸಾಫ್ಟ್‌ವೇರ್ ಪಾಠ ತರಕಾರಿ ಇದ್ದ ಹಾಗೆ, ಇಟ್ಟಲ್ಲೇ ಬಾಡುತ್ತದೆ. 2018ರ ಅಕ್ಟೋಬರ್‌ನಲ್ಲಿ ಆಫ್ಟರ್ ಎಫೆಕ್ಟ್ಸ್‌ನ 16.0 ಆವೃತ್ತಿ ಬಂತು, ಎಕ್ಸ್‌ಪ್ರೆಶನ್‌ಗೆ (ಚಲನೆಯನ್ನು ನಡೆಸಲು ಬರೆಯುವ ಪುಟ್ಟ ಕೋಡ್) ಹೊಸ ಜಾವಾಸ್ಕ್ರಿಪ್ಟ್ ಎಂಜಿನ್ ಕೊಟ್ಟರು. ವೇಗ ಜಾಸ್ತಿ, ಒಳ್ಳೆಯದೇ. ಹೊಸ ಪ್ರಾಜೆಕ್ಟ್‌ಗಳೆಲ್ಲ ಅದರಲ್ಲೇ ತೆರೆದುಕೊಳ್ಳಲು ಶುರುವಾದವು. ನನ್ನ ಸೈಟಿನಲ್ಲಿ ಜಾಸ್ತಿ ಜನ ಬರುತ್ತಿದ್ದದ್ದು ಓವರ್‌ಶೂಟ್ ಪಾಠಕ್ಕೆ, ಅಂದರೆ ವಸ್ತು ನಿಲ್ಲಬೇಕಾದ ಜಾಗ ದಾಟಿ ಸ್ವಲ್ಪ ತೂಗಾಡಿ ನಿಲ್ಲುವುದು. ಡಾನ್ ಎಬರ್ಟ್ಸ್ ಬರೆದ ಸೂತ್ರದ ಒಂದಲ್ಲ ಒಂದು ರೂಪವನ್ನು ಈ ಕಸುಬಿನಲ್ಲಿ ಎಲ್ಲರೂ ಬಳಸಿರುತ್ತಾರೆ: ಕೊನೆಯ ಕೀಫ್ರೇಮ್‌ಗೆ ಬಂದಾಗ ಇದ್ದ ವೇಗ ತೆಗೆದುಕೊಂಡು, ಅದನ್ನು ಸೈನ್ ಅಲೆಯಿಂದ ಗುಣಿಸಿ, ಹೊತ್ತು ಹೋದ ಹಾಗೆ ಸಣ್ಣದಾಗಿಸುತ್ತಾ ಹೋಗುವುದು. ನಾನು ಅದನ್ನು ನನ್ನ ಪಾಠಕ್ಕೆ ಬರೆಯುವಾಗ ‘ಇಫ್, ಎಲ್ಸ್’ ಎರಡನ್ನೂ ಒಂದೇ ಸಾಲಿನಲ್ಲಿ ಬ್ರಾಕೆಟ್ ಇಲ್ಲದೆ, ಸೆಮಿಕೋಲನ್ ಇಲ್ಲದೆ ಬರೆದಿದ್ದೆ. ಸೋಮಾರಿತನ. ಹಳೇ ಎಂಜಿನ್ ಸಹಿಸಿಕೊಂಡಿತ್ತು, ಹೊಸದು ಸಹಿಸಲಿಲ್ಲ. ಒಂದೇ ವಾರದಲ್ಲಿ ಬಂದ ಮೇಲ್‌ಗಳಲ್ಲಿ ಹಳದಿ ಎಚ್ಚರಿಕೆ ಪಟ್ಟಿಯ ಸ್ಕ್ರೀನ್‌ಶಾಟ್ ಬಿಟ್ಟು ಬೇರೆ ಇರಲಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಹಳೇ ಎಂಜಿನ್ ಆರಿಸಿಕೊಳ್ಳಿ ಅಂತ ಮೊದಲು ಉತ್ತರ ಕೊಟ್ಟೆ. ಆಮೇಲೆ ನಾಚಿಕೆಯಾಗಿ ನಾಲ್ಕು ಬ್ರಾಕೆಟ್ ಹಾಕಿದೆ. ಪುಟದಲ್ಲಿ ಎರಡು ನಿಮಿಷದ ಕೆಲಸ. ವಿಡಿಯೊದಲ್ಲಿ ಆ ತಪ್ಪು ಸಾಲು ಇವತ್ತಿಗೂ ಹಾಗೇ ಇದೆ.

ಅದಾದ ಮೇಲೆ ಜರ್ಮನ್ ಭಾಷೆಯ ಆಫ್ಟರ್ ಎಫೆಕ್ಟ್ಸ್ ಬಳಸುವ ಒಬ್ಬರು, ‘ನಿಮ್ಮ ಫೈಲಿನಲ್ಲಿ ಸ್ಲೈಡರ್ ಸಿಗುತ್ತಿಲ್ಲ ಅಂತ ಎರರ್ ಬರುತ್ತಿದೆ’ ಅಂದರು. ಅರ್ಧ ದಿನ ತಲೆ ಕೆರೆದುಕೊಂಡೆ, ನನ್ನ ಕಂಪ್ಯೂಟರ್‌ನಲ್ಲಿ ಎಲ್ಲ ಸರಿ. ಸ್ಲೈಡರ್ ಅಂದರೆ ಸಂಖ್ಯೆಯನ್ನು ಎಳೆದು ಹೆಚ್ಚು ಕಡಿಮೆ ಮಾಡುವ ಪಟ್ಟಿ, ಅವರ ಹತ್ತಿರ ಅದರ ಹೆಸರು ‘ಶೀಬರೇಗ್ಲರ್’. ನನ್ನ ಎಕ್ಸ್‌ಪ್ರೆಶನ್ ಇಂಗ್ಲಿಷ್ ಹೆಸರು ಹಿಡಿದು ಕೂಗುತ್ತಿತ್ತು, ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ಹೆಸರಿನ ಜಾಗದಲ್ಲಿ 1 ಅಂತ ಬರೆದರೆ ಮುಗಿಯಿತು, ಯಾವ ಭಾಷೆಯಾದರೂ ಮೊದಲನೆಯದು ಮೊದಲನೆಯದೇ. ಇದು ಗೊತ್ತಾಗಿ ಎರಡೇ ತಿಂಗಳಿಗೆ ಒಂದು ದೊಡ್ಡ ಕೆಲಸದಲ್ಲಿ ಕ್ಲೈಂಟ್‌ನ ತಂಡ ಬೇರೆ ಬೇರೆ ಭಾಷೆಯ ಆವೃತ್ತಿ ಬಳಸುತ್ತಿತ್ತು. ನನ್ನ ಟೆಂಪ್ಲೇಟ್ ಎಲ್ಲರ ಹತ್ತಿರವೂ ತೆರೆಯಿತು. ಯಾಕೆ ತೆರೆಯಿತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಒಂದು ಸ್ಪ್ರೆಡ್‌ಶೀಟ್ ಇಟ್ಟಿದ್ದೇನೆ. ಪುಟ ಯಾವುದು, ಏನು ಮುರಿದಿದೆ, ಯಾವ ಆವೃತ್ತಿಯಿಂದ, ಸರಿ ಮಾಡಲು ಎಷ್ಟು ನಿಮಿಷ. ರೆಂಡರ್‌ಗೆ ಹಾಕಿದ ತಕ್ಷಣ ಅಂದಾಜು ಹೊತ್ತು ನೋಡಿ ಅಷ್ಟೇ ನಿಮಿಷದ ಸಾಲು ಹುಡುಕುತ್ತೇನೆ.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಜಾಹೀರಾತಿನಿಂದ ಬರುವುದು ಸೈಟಿನ ಹೋಸ್ಟಿಂಗ್ ಖರ್ಚಿಗೆ ಸರಿ ಹೋಗುತ್ತದೆ. ಪ್ರಾಜೆಕ್ಟ್ ಫೈಲ್ ಮಾರಿ ಸ್ವಲ್ಪ. ಪ್ಲಗಿನ್ ಮಾರುವವರು ಹೊಗಳಿ ಬರೆಯಿರಿ ಅಂತ ಬರುತ್ತಾರೆ, ಎರಡು ಸಲ ಒಪ್ಪಿಕೊಂಡೆ, ಎರಡು ಸಲವೂ ಆ ಪುಟ ಓದಲು ನನಗೇ ಬೇಸರವಾಯಿತು. ನಿಜವಾದ ಆದಾಯ ಸುತ್ತು ಬಳಸಿ ಬರುತ್ತದೆ: ಎಂದೋ ಒಂದು ಪಾಠ ನೋಡಿ ಕಲಿತ ಹುಡುಗನೋ ಹುಡುಗಿಯೋ ಈಗ ಎಲ್ಲೋ ಸ್ಟುಡಿಯೊದಲ್ಲಿದ್ದಾರೆ, ಅವರಿಗೆ ಕೈ ಕಡಿಮೆ ಬಿದ್ದಾಗ ನನ್ನ ನೆನಪಾಗುತ್ತದೆ. ಅವರ ಜೊತೆ ಕೆಲಸ ಸುಲಭ, ಲೇಯರ್‌ಗೆ ಹೆಸರಿಡುವ ಕ್ರಮವೂ ಒಂದೇ ಇರುತ್ತದೆ.

ಅದೇ ಸೈಟ್ ಕಾಲಿಗೂ ಸುತ್ತಿಕೊಳ್ಳುತ್ತದೆ. ಒಬ್ಬ ಕ್ಲೈಂಟ್ ಬಿಲ್ ನೋಡಿ, ‘ಇದನ್ನು ನೀವೇ ಸೈಟಿನಲ್ಲಿ ಫ್ರೀ ಆಗಿ ಹೇಳಿಕೊಡ್ತೀರಲ್ಲ, ನಮಗೆ ಮಾತ್ರ ಯಾಕೆ ಇಷ್ಟು?’ ಅಂದರು. ಆಗ ಉತ್ತರ ಹೊಳೆಯಲಿಲ್ಲ, ಕಡಿಮೆ ಮಾಡಿಕೊಟ್ಟೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸೈಟಿನಲ್ಲಿ ಇರುವುದು ಒಂದು ಚೆಂಡು ಹೇಗೆ ನಿಲ್ಲುತ್ತದೆ ಅನ್ನುವುದು. ನಿಮಗೆ ಕೊಟ್ಟದ್ದು 30 ಸೆಕೆಂಡು, 25ರ ಲೆಕ್ಕದಲ್ಲಿ 750 ಫ್ರೇಮ್, ಅದರಲ್ಲಿ ಯಾವ ಚೆಂಡು ಎಲ್ಲಿ ನಿಲ್ಲಬೇಕು ಅನ್ನುವ ತೀರ್ಮಾನ, ಮತ್ತೆ ನಿಮ್ಮ ಒಂಬತ್ತು ಸಲದ ‘ಸ್ವಲ್ಪ ಪಾಪ್ ಆಗ್ಲಿ’. ಹೀಗೆ ಹೇಳಬೇಕಿತ್ತು. ಇನ್ನೊಬ್ಬರು ಕೆಲಸ ಕೇಳಿಕೊಂಡು ತಮ್ಮ ಶೋರೀಲ್ (ಮಾಡಿದ ಕೆಲಸದ ತುಣುಕುಗಳ ವಿಡಿಯೊ) ಕಳಿಸಿದ್ದರು, ಅದರಲ್ಲಿ ನನ್ನ ಪಾಠದ ಫೈಲು ಬಣ್ಣ ಸಹ ಬದಲಾಗದೆ ಕೂತಿತ್ತು. ಅದಕ್ಕೆ ಸಿಟ್ಟು ಬರಲಿಲ್ಲ. ಕಳಿಸಿದ್ದು ನನಗೇ ಅನ್ನುವುದಕ್ಕೆ ನಗು ಬಂತು.

ಶೀಟಿನಲ್ಲಿ ತುಂಬ ದಿನದಿಂದ ಉಳಿದುಕೊಂಡಿದ್ದ ಒಂದು ಸಾಲು 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ದು. 2.79 ಆವೃತ್ತಿಯವರೆಗೆ ಅದರಲ್ಲಿ ವಸ್ತುವನ್ನು ಆರಿಸಲು ಮೌಸ್‌ನ ಬಲಗಡೆ ಒತ್ತಬೇಕಿತ್ತು, 2019ರ ಜುಲೈನಲ್ಲಿ 2.80 ಬಂದ ಮೇಲೆ ಎಡಗಡೆ. ನನ್ನ ಮೊದಮೊದಲ ಪಾಠಗಳಲ್ಲೆಲ್ಲ ‘ಬಲಗಡೆ ಒತ್ತಿ’ ಅಂತ ಇದೆ. ಹೋದ ವಾರ ಒಂದು ಉದ್ದನೆಯ ರೆಂಡರ್ ಸಿಕ್ಕಿತು, ಕೂತು ಎಲ್ಲವನ್ನೂ ‘ಎಡಗಡೆ’ ಮಾಡಿದೆ. ಮೂರನೇ ದಿನ ಒಬ್ಬ ಓದುಗರ ಮೇಲ್. ಅವರ ಕಂಪ್ಯೂಟರ್ ಹಳೆಯದಂತೆ, ಹೊಸದು ಅದರಲ್ಲಿ ಓಡುವುದಿಲ್ಲವಂತೆ, 2.79ರಲ್ಲೇ ನನ್ನ ಪಾಠ ಹಿಡಿದು ಕಲಿಯುತ್ತಿದ್ದರಂತೆ, ಅರ್ಧಕ್ಕೆ ಬಂದಾಗ ಬಲ ಇದ್ದದ್ದು ಎಡ ಆಗಿಹೋಯಿತಂತೆ. ‘ದಯವಿಟ್ಟು ಮೊದಲಿದ್ದ ಹಾಗೇ ಮಾಡಿಬಿಡಿ’ ಅಂತ ಬರೆದಿದ್ದಾರೆ. ಶೀಟಿನಲ್ಲಿ ಮುಗಿದಿದೆ ಅಂತ ಹಸಿರು ಹಾಕಿದ್ದ ಸಾಲನ್ನು ಮತ್ತೆ ಬಿಳಿ ಮಾಡಿದ್ದೇನೆ, ನಿಮಿಷದ ಕಾಲಂನಲ್ಲಿ 35 ಅಂತ ಇದೆ, ಎರಡೂ ಬರೆಯಬೇಕಲ್ಲ.