‘ಇಕು’ವಿನ ಕಾಗುಣಿತ

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳು ಡಿಸೆಂಬರ್‌ನ ಜೆಎಲ್‌ಪಿಟಿ, ಅಂದರೆ ಜಪಾನಿ ಭಾಷೆಯ ಪರೀಕ್ಷೆಗೆ ಕಟ್ಟಿದ್ದಾಳೆ. ಎನ್5, ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಮೊನ್ನೆ ವಾಟ್ಸಾಪಿನಲ್ಲಿ ಒಂದು ಪಟ್ಟಿಯ ಫೋಟೊ ಕಳಿಸಿ, "ಅಕ್ಕ, ಇದೆಲ್ಲ ಬಾಯಿಪಾಠ ಮಾಡ್ಬೇಕಾ?" ಅಂತ ಕೇಳಿದಳು. ‘ಇಕು’ ಅಂದರೆ ‘ಹೋಗು’. ಅದರ ರೂಪಗಳು ಪುಟದ ತುಂಬ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡು ಮಾರಾಯ್ತಿ. ಪುತ್ತೂರಿನವರು ಜಪಾನಿ ಕಲಿಯಲು ಇಂಗ್ಲಿಷ್ ಮೇಲೆ ಹಾದು ಹೋಗಬೇಕಾಗಿಲ್ಲ. ಅದು ಸುಮ್ನೆ ಸುತ್ತು ದಾರಿ.

ನಾವಿರುವುದು ಟೋಕಿಯೊದ ನಿಶಿಕಸೈನಲ್ಲಿ. ಇಲ್ಲಿ ಭಾರತೀಯರು ಜಾಸ್ತಿ. ಕರಿಬೇವು ಸಿಗುತ್ತದೆ, ಇಡ್ಲಿ ಅಕ್ಕಿಯೂ ಸಿಗುತ್ತದೆ. ಜಪಾನಿ ಇಲ್ಲದೆಯೂ ಬದುಕಬಹುದು, ಅದೇ ತೊಂದರೆ. ಶನಿವಾರ ಬೆಳಿಗ್ಗೆ ಹತ್ತಿರದ ಸಮುದಾಯ ಭವನದಲ್ಲಿ ಸ್ವಯಂಸೇವಕರು ಪಾಠ ಹೇಳುತ್ತಾರೆ. ನಮ್ಮ ಸೆನ್ಸೇ, ಅಂದರೆ ಪಾಠ ಹೇಳುವ ಗುರುಗಳು, ನಿವೃತ್ತರು. ಬಿಳಿ ಹಲಗೆಯ ಮೇಲೆ ಅಳೆದು ತೂಗಿ ಅಕ್ಷರ ಬರೆಯುತ್ತಾರೆ. ನನ್ನ ಪಕ್ಕ ಕೂರುವ ಚೀನಾದ ಹೆಂಗಸು ಕಾಂಜಿಯನ್ನು, ಅಂದರೆ ಅವರಲ್ಲಿಂದಲೇ ಜಪಾನಿಗೆ ಬಂದ ಅಕ್ಷರಗಳನ್ನು, ಪೇಪರ್ ಓದಿದ ಹಾಗೆ ಓದುತ್ತಾಳೆ. ಆದರೆ ಕ್ರಿಯಾಪದದ ಬಾಲ ಬದಲಾಗತೊಡಗಿದರೆ ಆಕೆಗೆ ಸುಸ್ತು. ಅವರ ಭಾಷೆಯಲ್ಲಿ ಬಾಲವೇ ಇಲ್ಲವಲ್ಲ. ನನ್ನದು ಸರಿಯಾಗಿ ಉಲ್ಟಾ.

ಪಾಠದ ಪುಸ್ತಕಗಳು ಸಾಮಾನ್ಯವಾಗಿ ‘ಇಕಿಮಸ್’ನಿಂದ ಶುರು ಮಾಡುತ್ತವೆ. ಅದು ಮರ್ಯಾದೆಯ ರೂಪ, ಹೊರಗಿನವರ ಜೊತೆ ಬೇಕೇ ಬೇಕು. ಆದರೆ ಅಲ್ಲಿಂದ ಶುರು ಮಾಡಿದರೆ ಬೇರೆ ರೂಪಗಳಿಗೆ ಹೋಗಲು ಪ್ರತಿ ಸಲ ‘ಮಸ್’ ಕಳಚಬೇಕು. ನನ್ನ ಮಗ ಹೊಯಿಕುಎನ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮೊದಲು ಕಲಿತದ್ದು ‘ಇಕನೈ!’ (ಹೋಗಲ್ಲ!). ಆಮೇಲೆ ‘ಇಕೋ!’ (ಹೋಗೋಣ!). "ಅಮ್ಮ, ಪಾರ್ಕ್ ಇಕೋ" ಅಂತ ಚಪ್ಪಲಿ ಹಾಕಿ ನಿಲ್ಲುತ್ತಾನೆ. ನನಗೆ ಅವನ ದಾರಿಯೇ ಸರಿ ಅನ್ನಿಸಿತು.

ನೋಡು, ‘ಇಕು’ವಿನ ಕೊನೆಯ ಅಕ್ಷರ ಕು. ಅದನ್ನು ಕಾಗುಣಿತದಲ್ಲಿ ಓಡಿಸು: ಕ, ಕಿ, ಕು, ಕೆ, ಕೊ. ‘ಇಕ’ಗೆ ‘ನೈ’ ಸೇರಿಸಿದರೆ ಹೋಗಲ್ಲ. ‘ಇಕಿ’ಗೆ ‘ಮಸ್’ ಸೇರಿಸಿದರೆ ಮರ್ಯಾದೆಯ ಹೋಗುತ್ತೇನೆ, ‘ತೈ’ ಸೇರಿಸಿದರೆ ಹೋಗಬೇಕು ಅನ್ನಿಸುತ್ತಿದೆ. ‘ಇಕು’ ಹಾಗೇ ಬಿಟ್ಟರೆ ಹೋಗುತ್ತೇನೆ. ‘ಇಕೆ’ ಅಂದರೆ ಗದರಿಸುವ ಹೋಗು, ‘ಇಕೆಬ’ ಅಂದರೆ ಹೋದರೆ, ‘ಇಕೆರು’ ಅಂದರೆ ಹೋಗಲು ಆಗುತ್ತದೆ. ಕೊನೆಯ ಕೊ ಉದ್ದವಾಗಿ ‘ಇಕೋ’, ಹೋಗೋಣ. ಐದು ಸ್ವರಕ್ಕೂ ಕೆಲಸ ಉಂಟು. ಈ ಗುಂಪಿನ ಕ್ರಿಯಾಪದಗಳಿಗೆ ‘ಗೊದಾನ್’ ಅನ್ನುವುದು ಅದಕ್ಕೇ, ಐದು ಮೆಟ್ಟಿಲು ಅಂತ.

ಈ ಕ್ರಮ ನಮಗೆ ಹೊಂದುವುದು ಕಾಕತಾಳೀಯ ಅಲ್ಲ. ಜಪಾನಿ ಅಕ್ಷರಮಾಲೆಯ ಸ್ವರಗಳು ಅ, ಇ, ಉ, ಎ, ಒ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಹಿಂದಿನ ಕಾಲದಲ್ಲಿ ಅವರ ‘ಸ’ ನಮ್ಮ ಚಕಾರದ ಹತ್ತಿರ ಇತ್ತು, ‘ಹ’ ಮೊದಲು ಪಕಾರವಾಗಿತ್ತು. ಹಾಗೆ ಇಟ್ಟು ಓದು: ಕ, ಚ, ತ, ನ, ಪ, ಮ, ಯ, ರ, ವ. ಒಂದನೇ ಕ್ಲಾಸಿನ ನೆನಪು ಬಂತಲ್ವಾ? ಜಪಾನಿನ ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿಯುತ್ತಿದ್ದರು. ಆ ಓದಿನಿಂದಲೇ ಈ ಜೋಡಣೆ ಬಂದದ್ದು.

ಹಾಗಂತ ಭಾಷೆಗಳೇ ನೆಂಟರು ಅಂದುಕೊಳ್ಳಬೇಡ. ಸುಸುಮು ಓನೊ ಎಂಬ ಭಾಷಾ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಅಂತ ವಾದಿಸಿದ್ದರು. ಹೆಚ್ಚಿನ ಭಾಷಾತಜ್ಞರು ಅದನ್ನು ಒಪ್ಪಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಆ ವಾದ ಇನ್ನೂ ಗಟ್ಟಿಮುಟ್ಟಾಗಿದೆ. ನೆಂಟಸ್ತಿಕೆ ಇಲ್ಲದೆಯೂ ಎರಡು ಭಾಷೆ ಒಂದೇ ರೀತಿ ವಾಕ್ಯ ಕಟ್ಟಬಹುದು.

ಹೇಗೆ ಕಟ್ಟುತ್ತವೆ ಅನ್ನುವುದು ಗೊತ್ತಾಗುವುದು ‘ತೆ’ ರೂಪದಲ್ಲಿ. ನನ್ನ ಪ್ರಕಾರ ಜಪಾನಿಯ ಅರ್ಧ ಜೀವ ಇಲ್ಲಿದೆ. ‘ಕು’ದಿಂದ ಮುಗಿಯುವ ಪದಗಳಿಗೆ ನಿಯಮ ಸುಲಭ: ಕಕು (ಬರೆ) ‘ಕೈತೆ’ ಆಗುತ್ತದೆ, ಅರುಕು (ನಡೆ) ‘ಅರುಇತೆ’ ಆಗುತ್ತದೆ. ಹಾಗೆ ನೋಡಿದರೆ ಇಕು ‘ಈತೆ’ ಆಗಬೇಕು. ಆಗುವುದಿಲ್ಲ, ‘ಇತ್ತೆ’ ಆಗುತ್ತದೆ. ಭೂತಕಾಲ ‘ಇತ್ತ’. ಈ ಗುಂಪಿನಲ್ಲಿ ದಾರಿ ತಪ್ಪಿದ್ದು ಇದೊಂದೇ. ಚೀನಾದಾಕೆ "ಯಾಕೆ?" ಅಂತ ಕೇಳಿದಳು. ಸೆನ್ಸೇ ನಕ್ಕು, "ಹಾಗೇ" ಅಂದರು. ನಾವು ಅವರನ್ನು ಬಯ್ಯುವ ಹಾಗಿಲ್ಲ. ಕೂಗು ಕೂಗಿದಳು ಆಗುತ್ತದೆ, ಬಾಗು ಬಾಗಿದಳು ಆಗುತ್ತದೆ, ಹೋಗು ಮಾತ್ರ ‘ಹೋದಳು’. ದಿನಾ ಬಳಸುವ ಪದಗಳೇ ಹೀಗೆ ಹಟ ಮಾಡುವುದು.

‘ಇತ್ತೆ’ ಅಂದರೆ ನಮ್ಮ ‘ಹೋಗಿ’. ಮುಂದೆ ಇನ್ನೊಂದು ಕ್ರಿಯಾಪದ ಜೋಡಿಸಬಹುದು. ಇತ್ತೆ ಮಿರು: ಹೋಗಿ ನೋಡು. ಇತ್ತೆ ಕುರು: ಹೋಗಿ ಬಾ. ಇತ್ತೆ ಶಿಮೌ: ಹೋಗಿಬಿಡು. ಇತ್ತ ಕೊತೊ ಗ ಅರು: ಹೋದದ್ದು ಉಂಟು! ಇದನ್ನು ಕೇಳಿದ ದಿನ ಕ್ಲಾಸಿನಲ್ಲಿ ಜೋರಾಗಿ ನಗು ಬಂತು ನನಗೆ. ಇಂಗ್ಲಿಷಿನಲ್ಲಿ ಇದನ್ನು ಅನುಭವ, ಅದು ಇದು ಅಂತ ಒಂದು ಪುಟ ವಿವರಿಸುತ್ತಾರೆ. ನಮ್ಮ ಕಡೆ "ನೀವು ಕುಕ್ಕೆಗೆ ಹೋದದ್ದುಂಟಾ?" ಅಂತ ಕೇಳಿದರೆ ಮುಗಿಯಿತು.

‘ಇತ್ತೆ ಇರು’ ಇನ್ನೂ ಚೆನ್ನಾಗಿದೆ. ‘ತೆ ಇರು’ ಅಂದರೆ ಈಗ ನಡೆಯುತ್ತಿರುವ ಕೆಲಸ ಅಂತ ಇಂಗ್ಲಿಷ್ ಪಟ್ಟಿ ಹೇಳುತ್ತದೆ. ತಬೆತೆ ಇರು, ತಿನ್ನುತ್ತಾ ಇದ್ದಾನೆ. ಸರಿ. ಅದೇ ಲೆಕ್ಕದಲ್ಲಿ ‘ಇತ್ತೆ ಇರು’ ಅಂದರೆ ಹೋಗುತ್ತಾ ಇದ್ದಾನೆ ಅಂತಾಗಬೇಕಲ್ವಾ? ಅಲ್ಲ. ಹೋಗಿ ಇದ್ದಾನೆ, ಅಂದರೆ ‘ಹೋಗಿದ್ದಾನೆ’. ಹೋದ ಜಾಗದಲ್ಲೇ ಇನ್ನೂ ಇದ್ದಾನೆ. ಅಕ್ಷರಕ್ಕೆ ಅಕ್ಷರ ಕನ್ನಡ.

ಬರೆದುಕೊಳ್ಳುವುದೂ ಕನ್ನಡದಲ್ಲೇ ಇರಲಿ. ಕಿತೆ ಅಂದರೆ ‘ಬಂದು’, ಕಿತ್ತೆ ಅಂದರೆ ‘ಕತ್ತರಿಸಿ’. ಇಂಗ್ಲಿಷ್ ಅಕ್ಷರದಲ್ಲಿ ಒಂದು ‘ಟಿ’ ಹೆಚ್ಚು ಕಮ್ಮಿ, ಕಣ್ಣಿಗೆ ಬೀಳುವುದೇ ಇಲ್ಲ. ನಮಗೆ ಒತ್ತಕ್ಷರ ಎದ್ದು ಕಾಣುತ್ತದೆ. ಇಕೋ ಅನ್ನುವಲ್ಲಿ ದೀರ್ಘ ಬೇಕು ಅನ್ನುವುದೂ ಹಾಗೇ. ಹಿರಗಾನ, ಅಂದರೆ ಜಪಾನಿನದೇ ಅಕ್ಷರಮಾಲೆ, ಕಲಿಯುವುದು ಬಿಡಬೇಡ, ಅದು ಬೇರೆ ಮಾತು.

ಇನ್ನು ಕನ್ನಡ ಕೈಕೊಡುವ ಜಾಗಗಳು. ಓದುವ ಹೊತ್ತನ್ನು ಇಲ್ಲಿಗೇ ಇಟ್ಟುಕೋ.

‘ಇತ್ತ’ ಅಂದರೆ ಹೋದೆ, ಹೋದೆವು, ಹೋದಿರಿ, ಹೋದಳು, ಹೋದವು, ಹೋಯಿತು, ಎಲ್ಲವೂ. ಬಾಲದಲ್ಲಿ ಯಾರು ಅನ್ನುವ ಸುಳಿವಿಲ್ಲ. ಕೇಳಲು ಸುಲಭ. ಆದರೆ ನಾವು ‘ನಾನು, ಅವಳು’ ಬಿಟ್ಟು ಮಾತಾಡುವುದು ಬಾಲದ ಧೈರ್ಯದಿಂದ. ಇವರು ಬಾಲವೂ ಇಲ್ಲದೆ ಕರ್ತೃವನ್ನೂ ಬಿಡುತ್ತಾರೆ. "ಕಿನೋ ಇತ್ತ" ಅಂದರೆ ನಿನ್ನೆ ಯಾರು ಹೋದದ್ದು? ಮಾತಿನ ಹಿಂದು ಮುಂದು ನೋಡಿ ತಿಳಿದುಕೊಳ್ಳಬೇಕು. ಪಟ್ಟಿಯಲ್ಲಿ ಇದು ಇರುವುದಿಲ್ಲ.

ಇನ್ನೊಂದು, ಇಲ್ಲ ಅನ್ನುವುದು. ನಾವು ಹೋಗುವುದಿಲ್ಲ, ಹೋಗಲಿಲ್ಲ ಅನ್ನುವಾಗ ‘ಇಲ್ಲ’ ಕದಲುವುದಿಲ್ಲ, ಅದರ ಹಿಂದಿನ ಭಾಗ ಬದಲಾಗುತ್ತದೆ. ಜಪಾನಿಯಲ್ಲಿ ‘ಇಕ’ ಕದಲುವುದಿಲ್ಲ. ಇಲ್ಲ ಅನ್ನುವುದಕ್ಕೇ ಭೂತಕಾಲ ಬರುತ್ತದೆ: ಇಕನೈ, ಇಕನಕತ್ತ. ‘ನೈ’ ಇಲ್ಲಿ ವಿಶೇಷಣದ ಹಾಗೆ ನಡೆದುಕೊಳ್ಳುತ್ತದೆ. ತಕೈ (ದುಬಾರಿ) ‘ತಕಕತ್ತ’ ಆಗುವಂತೆಯೇ. ಇಕಿತೈ ಕೂಡ ಇದೇ ಜಾತಿ: ಇಕಿತಕತ್ತ, ಇಕಿತಕುನೈ, ಇಕಿತಕುನಕತ್ತ. ಕೊನೆಯದು ‘ಹೋಗುವ ಮನಸ್ಸಿರಲಿಲ್ಲ’. ನಾಲಿಗೆಗೆ ವ್ಯಾಯಾಮ ಬೇಕಾದಾಗ ಪಾತ್ರೆ ತೊಳೆಯುತ್ತಾ ಇದನ್ನೇ ಹೇಳುತ್ತೇನೆ.

ಮತ್ತೆ, ಯಾರಾದರೂ ಕರೆದರೆ ನಾವು ‘ಬಂದೆ ಬಂದೆ’ ಅನ್ನುತ್ತೇವೆ. ಹೊರಟೂ ಇರುವುದಿಲ್ಲ, ಆಗಲೇ ಭೂತಕಾಲ! ಇಲ್ಲಿ ‘ಇಮ ಇಕಿಮಸ್’ ಅನ್ನಬೇಕು, ಈಗ ಹೋಗುತ್ತೇನೆ ಅಂತ. ನಾನು ನಿಂತ ಜಾಗದಿಂದ ಹೊರಡುವುದು ‘ಇಕು’, ಕರೆದವರ ಹತ್ತಿರಕ್ಕೇ ಆದರೂ. ಇದು ತಲೆಗೆ ಹೋಗುತ್ತದೆ, ಬಾಯಿಗೆ ಬರಲು ತಡ.

ಮರ್ಯಾದೆಯ ವಿಷಯ ಸಾಗರ, ಹೆಚ್ಚು ಬರೆಯುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವಾಗ "ದೆನ್ಶ ಗ ಮೈರಿಮಸ್" ಅಂತ ಕೇಳಿಸುತ್ತದೆ. ‘ಮೈರು’ ಅಂದರೆ ತನ್ನನ್ನು ತಗ್ಗಿಸಿಕೊಂಡು ಹೋಗುವುದು ಅಥವಾ ಬರುವುದು. ರೈಲು ಕೂಡ ವಿನಯದಿಂದ ಬರುತ್ತದೆ ಇಲ್ಲಿ. ಎದುರಿನವರು ಹೋದರೆ, ಬಂದರೆ, ಇದ್ದರೆ, ಮೂರಕ್ಕೂ ‘ಇರಶ್ಶರು’. ಅದರ ಮಸ್ ರೂಪ ‘ಇರಶ್ಶರಿಮಸ್’ ಅಲ್ಲ, ‘ಇರಶ್ಶೈಮಸ್’. ಅಂಗಡಿಗೆ ಕಾಲಿಟ್ಟ ಕೂಡಲೇ ಕೂಗುತ್ತಾರಲ್ಲ, ‘ಇರಶ್ಶೈಮಸೆ’, ಅದೂ ಇದೇ ಪದದ್ದು. ಎನ್5ಕ್ಕೆ ಇದನ್ನೆಲ್ಲ ಓದಬೇಕಾಗಿಲ್ಲ, ಈ ಪ್ಯಾರಾ ಬಿಟ್ಟುಬಿಡು. ‘ಇಕನಕತ್ತ’ ಮಾತ್ರ ಬಿಡಬೇಡ.