ಕರ್ಪೂರದ ಶೀಸೆ
ಮೈಸೂರು, ಜನವರಿ 12, 2026, ಸೋಮವಾರ

ಸಂಕ್ರಾಂತಿ ಹತ್ತಿರ ಬಂತು. ಸಂಜೆ ಅಮ್ಮ ದೇವರ ಮನೆ ತೊಳೆಯಲು ಸಾಮಾನೆಲ್ಲ ಹೊರಗೆ ಇಟ್ಟಿದ್ದರು. ಕರ್ಪೂರದ ಗಾಜಿನ ಶೀಸೆಯೂ ಅದರಲ್ಲಿತ್ತು. ತಳದ ಬಿಲ್ಲೆಗಳು ಸವೆದು ಚಿಕ್ಕದಾಗಿದ್ದವು, ಕಿಟಕಿ ಕಡೆಯ ಗಾಜಿಗೆ ಮಾತ್ರ ಒಳಗಿನಿಂದ ಸಣ್ಣ ಸಣ್ಣ ಹರಳು ಹತ್ತಿಕೊಂಡಿದ್ದವು. ತಮ್ಮನ ಮಗಳು ಅದನ್ನು ಬೆಳಕಿಗೆ ಹಿಡಿದು, "ಅತ್ತೆ, ಇದು ಅಲ್ಲಿಗೆ ಹೇಗೆ ಹೋಯ್ತು?" ಅಂದಳು.

ಕರ್ಪೂರ ನೀರಾಗದೆ ನೇರ ಆವಿಯಾಗುತ್ತದೆ, ತಣ್ಣಗಿರುವ ಕಡೆ ಹೋಗಿ ಮತ್ತೆ ಗಟ್ಟಿಯಾಗುತ್ತದೆ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಗ್ರಹಗಳು ಹುಟ್ಟುವ ವಿಷಯವೇ ಓಡುತ್ತಿದೆ, ಅಲ್ಲಿ ನಡೆಯುವುದೂ ಇದೇ ಅಲ್ವಾ ಅನ್ನಿಸಿತು. ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ಒಂದು ದೊಡ್ಡ ತಟ್ಟೆ ತಿರುಗುತ್ತಿರುತ್ತದೆ. ಅಲ್ಲಿ ಒತ್ತಡ ಎಷ್ಟು ಕಡಿಮೆ ಎಂದರೆ ನೀರು ನೀರಾಗಿ ಇರಲು ಆಗುವುದೇ ಇಲ್ಲ. ಒಂದೋ ಆವಿ, ಇಲ್ಲ ಐಸು.

ನಕ್ಷತ್ರದಿಂದ ದೂರ ಹೋದ ಹಾಗೆ ಚಳಿ ಜಾಸ್ತಿ. ಸುಮಾರು ಮೈನಸ್ 120 ಡಿಗ್ರಿಗೆ ನೀರಿನ ಆವಿ ಧೂಳಿನ ಕಣಕ್ಕೆ ಐಸಾಗಿ ಹತ್ತುತ್ತದೆ. ಮೈನಸ್ 200ರ ಹತ್ತಿರ ಕಾರ್ಬನ್ ಡೈಆಕ್ಸೈಡ್. ಮೈನಸ್ 250ರ ಸುಮಾರಿಗೆ ಕಾರ್ಬನ್ ಮಾನಾಕ್ಸೈಡ್. ಒಂದೊಂದಕ್ಕೂ ತನ್ನದೇ ಗಡಿ, ಅದಕ್ಕೆ ಹಿಮರೇಖೆ ಅನ್ನುತ್ತಾರೆ. ನೀರಿನ ಗಡಿಯ ಆಚೆ ಐಸೂ ಸೇರಿ ಗಟ್ಟಿ ಸರಕು ಜಾಸ್ತಿ ಸಿಗುತ್ತದೆ, ಗುರುವಿನಂಥ ದೊಡ್ಡ ಗ್ರಹ ಬೆಳೆಯಲು ಅದು ಅನುಕೂಲ. ನಮ್ಮ ಭೂಮಿ ಕಟ್ಟಿದ್ದು ಹೆಚ್ಚಾಗಿ ಒಣ ಕಲ್ಲಿನಿಂದ. ಇಷ್ಟೊಂದು ಸಮುದ್ರ ಕಾಣುತ್ತದೆ, ಆದರೆ ಅವೆಲ್ಲ ಸೇರಿದರೂ ಭೂಮಿಯ ತೂಕದಲ್ಲಿ ಸುಮಾರು ನಾಲ್ಕು ಸಾವಿರದಲ್ಲೊಂದು ಪಾಲು ಅಷ್ಟೇ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ನೀರು ಐಸಾದಾಗ ಆಕ್ಸಿಜನ್ನನ್ನೂ ಜೊತೆಗೆ ಕಟ್ಟಿಕೊಂಡು ಹೋಗುತ್ತದೆ, ಹಾಗಾಗಿ ಉಳಿದ ಅನಿಲದಲ್ಲಿ ಆಕ್ಸಿಜನ್‌ಗೆ ಹೋಲಿಸಿದರೆ ಕಾರ್ಬನ್ ಪಾಲು ಏರುತ್ತದೆ. ಅಂದರೆ ಒಂದು ಗ್ರಹದ ಗಾಳಿಯಲ್ಲಿ ಇವೆರಡರ ಲೆಕ್ಕ ನೋಡಿದರೆ ಅದು ಎಲ್ಲಿ ಹುಟ್ಟಿರಬಹುದು ಎಂಬ ಸುಳಿವು ಸಿಗುತ್ತದೆ. ಸುಳಿವು ಮಾತ್ರ. ಐಸು ಹತ್ತಿದ ಕಲ್ಲುಗಳು ಒಳಕ್ಕೆ ಜಾರುತ್ತಾ ಬಂದು ಗಡಿ ದಾಟಿದ ಮೇಲೆ ಮತ್ತೆ ಆವಿ ಬಿಡುತ್ತವೆ, ಆಗ ಈ ಲೆಕ್ಕ ಅದಲು ಬದಲಾಗುತ್ತದೆ.

ಕಾರ್ಬನ್ ಮಾನಾಕ್ಸೈಡಿನ ಗಡಿಯನ್ನು ಕಂಡದ್ದು ಹೇಗೆ? ಸುಮಾರು 200 ಜ್ಯೋತಿರ್ವರ್ಷ ದೂರದ ಟಿಡಬ್ಲ್ಯೂ ಹೈಡ್ರೇ ಎಂಬ ನಕ್ಷತ್ರದ ತಟ್ಟೆಯಲ್ಲಿ, ಚಿಲಿಯ ಮರುಭೂಮಿಯ ಆಲ್ಮಾ ದೂರದರ್ಶಕದಿಂದ, 2013ರಲ್ಲಿ. ವಿಜ್ಞಾನಿಗಳು ಹೆಪ್ಪುಗಟ್ಟಿದ ಮಾನಾಕ್ಸೈಡನ್ನೇ ಹುಡುಕಲಿಲ್ಲ. ಎರಡು ನೈಟ್ರೋಜನ್, ಒಂದು ಹೈಡ್ರೋಜನ್ ಇರುವ ಒಂದು ಅಯಾನನ್ನು, ಅಂದರೆ ವಿದ್ಯುದಾವೇಶ ಇರುವ ಕಣವನ್ನು, ಹುಡುಕಿದರು. ಮಾನಾಕ್ಸೈಡ್ ಅನಿಲ ಇದ್ದ ಕಡೆ ಈ ಅಯಾನು ಉಳಿಯುವುದಿಲ್ಲ, ಅದರ ಹೈಡ್ರೋಜನ್ನನ್ನು ಮಾನಾಕ್ಸೈಡ್ ಕಿತ್ತುಕೊಂಡುಬಿಡುತ್ತದೆ. ಮಾನಾಕ್ಸೈಡ್ ಐಸಾಗಿ ಕೂತ ಮೇಲೆ ಇದು ಬದುಕುತ್ತದೆ. ಅದು ಬಳೆಯ ಹಾಗೆ ಕಂಡಿತು, ಒಳ ಅಂಚೇ ಗಡಿ, ನಮ್ಮ ಸೌರಮಂಡಲದಲ್ಲಾದರೆ ಸುಮಾರು ನೆಪ್ಚೂನ್ ಇರುವಷ್ಟು ದೂರ. ಎಂಥ ಕೆಮಿಸ್ಟ್ರಿ!

ಊಟವಾದ ಮೇಲೆ ಇಬ್ಬರೂ ಮಹಡಿಗೆ ಹೋದೆವು. ಚಂದ್ರ ಇನ್ನೂ ಹುಟ್ಟಿರಲಿಲ್ಲ. ನೆತ್ತಿಯ ಹತ್ತಿರ ಕೆಂಪಗೆ ರೋಹಿಣಿ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿ, ರೋಹಿಣಿಯಿಂದ ಅದರ ಅಗಲದಷ್ಟು ಪಕ್ಕದಲ್ಲಿ ಎಚ್‌ಎಲ್ ಟೌ ಇದೆ ಎಂದೆ. ಬರಿಗಣ್ಣಿಗೆ ಕಾಣದು. 450 ಜ್ಯೋತಿರ್ವರ್ಷ ದೂರ, ತೀರಾ ಎಳೆಯ ನಕ್ಷತ್ರ. 2024ರಲ್ಲಿ ಅದರ ತಟ್ಟೆಯ ಒಳಭಾಗದಲ್ಲಿ ಕಂಡ ನೀರಾವಿ ಭೂಮಿಯ ಎಲ್ಲಾ ಸಮುದ್ರಗಳ ನೀರಿನ ಮೂರು ಪಟ್ಟಾದರೂ ಇದೆ. ಅವಳು ಹೆಬ್ಬೆರಳನ್ನು ಆ ಕಡೆ ಈ ಕಡೆ ಸರಿಸುತ್ತಾ ತುಂಬಾ ಹೊತ್ತು ನಿಂತಿದ್ದಳು.

ಶೀಸೆ ತೊಳೆಯಬೇಡಿ ಎಂದು ಅಮ್ಮನಿಗೆ ಹೇಳಿದ್ದೇನೆ. ನಾಳೆ ಬೆಳಗಿನ ರೈಲಿಗೆ ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕು, ಮಂಡ್ಯದ ನನ್ನ ಪಿಯು ಮಕ್ಕಳಿಗೂ ಆ ಹರಳು ತೋರಿಸಬೇಕು.