ಮೀನಿನ ತೊಗಲು ಕೊನೆಗೂ ಗರಿಗರಿ: ಆರನೇ ವಾರದ ಟಿಪ್ಪಣಿ

ಭಾನುವಾರ ರಾತ್ರಿ ಎಂಟೂಕಾಲಿಗೆ ಮೀನು ಜಾರಿತು. ಬಾಣಲೆಯ ಹಿಡಿ ಹಿಡಿದು ಒಮ್ಮೆ ಅಲ್ಲಾಡಿಸಿದೆ ಅಷ್ಟೇ, ಹೋಳು ಈ ಅಂಚಿನಿಂದ ಆ ಅಂಚಿಗೆ ಸರ್ರನೆ ಸರಿಯಿತು. ಸಟ್ಟುಗ ಕೈಯಲ್ಲೇ ಉಳಿಯಿತು. ಐದು ವಾರ ಕೆರೆದು, ಎಬ್ಬಿಸಿ, ಹರಿದು ತೆಗೆದ ಮೇಲೆ ಆ ಜಾರುವಿಕೆ ಕಂಡಾಗ ಆದ ಖುಷಿ ಎಷ್ಟೆಂದು ಹೇಳಲಿ! ಇನ್ನೊಂದು ಸಲ ಅಲ್ಲಾಡಿಸಿ ನೋಡಿದೆ. ಮತ್ತೆ ಜಾರಿತು.

ಅಡುಗೆ ದೊಡ್ಡದೇನಲ್ಲ. ತೊಗಲಿರುವ ಸಾಲ್ಮನ್ ಹೋಳು, ಉಪ್ಪು, ಎಣ್ಣೆ, ಕೊನೆಗೆ ಒಂದು ತುಣುಕು ಬೆಣ್ಣೆ, ನಿಂಬೆರಸ, ಪಕ್ಕಕ್ಕೆ ಒಂದಿಷ್ಟು ಹಸಿರೆಲೆ. ರಾತ್ರಿಯೂಟಕ್ಕೆ ಇದಕ್ಕಿಂತ ಹಗುರವಾದದ್ದು ನನಗೆ ಗೊತ್ತಿಲ್ಲ. ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ನೇರ ತೊಗಲಿನ ಜಗಳಕ್ಕೆ ಬರುತ್ತೇನೆ.

ಮೊದಲ ವಾರ ಸ್ಟೀಲ್ ಬಾಣಲೆ. ತೊಗಲು ತಳಕ್ಕೆ ಕಚ್ಚಿಕೊಂಡು ಕೂತಿತು, ಮೀನು ಮಾತ್ರ ತಟ್ಟೆಗೆ ಬಂತು. ಎರಡನೇ ವಾರ ಎಣ್ಣೆ ಸಾಲದು ಅಂದುಕೊಂಡು ಮೂರು ಚಮಚ ಸುರಿದೆ. ಒಲೆಯ ಸುತ್ತ ಎಣ್ಣೆಯ ಮಳೆಯಾಯಿತು, ತೊಗಲು ಅಲ್ಲೇ ಉಳಿಯಿತು. ಮೂರನೇ ವಾರ ಉರಿ ಪೂರ್ತಿ ಏರಿಸಿದೆ: ಅಲ್ಲಲ್ಲಿ ಕರಿಕಲು, ಅಲ್ಲಲ್ಲಿ ಅಂಟು, ನಡುವೆ ಹಸಿ. ನಾಲ್ಕನೇ ವಾರ ಸೋತು ನಾನ್‌ಸ್ಟಿಕ್ ತೆಗೆದೆ. ಅಂಟಲಿಲ್ಲ, ಆದರೆ ತೊಗಲು ನೆನೆದ ರಟ್ಟಿನ ಹಾಗೆ ಮೆತ್ತಗೆ, ಬೂದು ಬಣ್ಣ.

ಈ ನಾಲ್ಕನೇ ವಾರದ ಫಲಿತಾಂಶವನ್ನು ನಾನು ಆಗಲೇ ಸರಿಯಾಗಿ ಓದಬೇಕಿತ್ತು. ಅಂಟದ ಬಾಣಲೆಯಲ್ಲೂ ಗರಿಗರಿಯಾಗಲಿಲ್ಲ ಎಂದ ಮೇಲೆ ತಪ್ಪು ಬಾಣಲೆಯದ್ದಲ್ಲ. ಆದರೂ ಐದನೇ ವಾರ ಬೀಡಿನ ಕಾವಲಿ ಪಳಗಿಸುತ್ತ ಇಡೀ ಶನಿವಾರ ಕಳೆದೆ.

ಆ ವಾರ ಮೀನೂ ಕೈಕೊಟ್ಟಿತು. ನಾನು ಕೇಳಿದ್ದು ಹುರುಪೆ ತೆಗೆದು ತೊಗಲು ಉಳಿಸಿದ ಹೋಳು. ಅಂಗಡಿಯವರು ಕೊಟ್ಟದ್ದು ತೊಗಲು ಸುಲಿದು ನೀಟಾಗಿ ಕಟ್ಟಿದ ಪೊಟ್ಟಣ. ಬದಲಿಗೆ ಇನ್ನೊಂದು ಕಡೆಯಿಂದ ಫ್ರೋಜನ್ ಪ್ಯಾಕೆಟ್ ತಂದರೆ ಮೇಲೆ ಗಾಜಿನಂಥ ಮಂಜಿನ ಪದರ. ಪ್ಯಾಕೆಟ್ ಮೇಲೆ 500 ಗ್ರಾಂ, ಕರಗಿಸಿ ಬಸಿದು ತೂಗಿದರೆ 430. ಮೀನು ಒಣಗದಿರಲಿ ಎಂದು ತೆಳುವಾಗಿ ಮಂಜು ಹಿಡಿಸುವುದು ಸರಿಯೇ, ಅದರ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಮಂಜನ್ನೂ ಮೀನಿನ ಲೆಕ್ಕಕ್ಕೆ ಸೇರಿಸಿ ಮಾರಬಾರದು. ಈ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟಿದೆ.

ದಾರಿ ತೋರಿಸಿದ್ದು ಬೆಳಗಿನ ಆಲೂಗಡ್ಡೆ.

ಭಾನುವಾರದ ಬ್ರಂಚ್‌ಗೆ ಆಲೂಗಡ್ಡೆ ತುರಿದು ತಟ್ಟಿ, ಎರಡೂ ಕಡೆ ಕೆಂಪಗೆ ಬೇಯಿಸಿ, ಮೇಲೊಂದು ಮೊಟ್ಟೆ ಇಡುವುದು ನನ್ನ ರೂಢಿ. ತುರಿಗೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ. ಅರ್ಧ ಲೋಟ ನೀರು ಇಳಿಯಿತು. ಹಿಂಡದೆ ಹಾಕಿದರೆ ಬೇಯುತ್ತದೆ, ಕೆಂಪಾಗುವುದಿಲ್ಲ, ಇದು ಎಷ್ಟೋ ವರ್ಷದಿಂದ ಗೊತ್ತು. ಬಟ್ಟೆ ಹಿಂಡುತ್ತಿದ್ದ ಕೈ ಅಲ್ಲೇ ನಿಂತಿತು. ಆಲೂಗಡ್ಡೆಗೆ ಇಷ್ಟು ಮಾಡುವವನು ಮೀನನ್ನು ಪ್ಯಾಕೆಟ್ಟಿನಿಂದ ತೆಗೆದು, ತೊಳೆದು, ಒಮ್ಮೆ ಒರೆಸಿ ಹಾಗೇ ಎಣ್ಣೆಗೆ ಬಿಡುತ್ತಿದ್ದೆ!

ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 335 ಜೂಲ್ ಶಾಖ ಸಾಕು. ಕುದಿಯುವ ಅದೇ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಬೇಕು, ಹತ್ತಿರ ಹತ್ತಿರ ಏಳು ಪಟ್ಟು. ತೊಗಲಿನ ಮೇಲೆ ನೀರಿರುವ ತನಕ ಅದರ ಬಿಸಿ ನೂರರ ಆಸುಪಾಸು ದಾಟುವುದಿಲ್ಲ. ಚೆನ್ನಾಗಿ ಕೆಂಪಾಗಲು 140 ಡಿಗ್ರಿಯಾದರೂ ಬೇಕು. ಸಾಲದ್ದಕ್ಕೆ ತೊಗಲಿನ ತುಂಬ ಕೊಲಾಜೆನ್. ನೀರು, ಶಾಖ ಎರಡೂ ಸೇರಿದರೆ ಅದು ಜೆಲಾಟಿನ್ ಆಗುತ್ತದೆ, ಅಂದರೆ ಶುದ್ಧ ಗೋಂದು. ಐದು ವಾರ ನಾನು ಕಾವಲಿಗೆ ಮೀನನ್ನು ಗೋಂದು ಹಚ್ಚಿ ಅಂಟಿಸುತ್ತಿದ್ದೆ ಅನ್ನಿ.

ಸಂಜೆ ಹೋಳಿಗೆ ಎರಡೂ ಕಡೆ ಉಪ್ಪು ಸವರಿ, ತೊಗಲು ಮೇಲೆ ಮಾಡಿ, ಮುಚ್ಚದೆ ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟೆ. ಉಪ್ಪು ನೀರನ್ನು ಮೇಲಕ್ಕೆ ಎಳೆಯುತ್ತದೆ, ಫ್ರಿಜ್ಜಿನ ಒಣಗಾಳಿ ಒಂದಿಷ್ಟನ್ನು ಒಯ್ಯುತ್ತದೆ. ಹೊರಗೆ ತೆಗೆದು ತೂಗಿದೆ: 168 ಗ್ರಾಂ. ಆಮೇಲೆ ಚಾಕುವಿನ ಬೆನ್ನಿನಿಂದ ತೊಗಲನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಒತ್ತಿ ಎಳೆದೆ. ಒಣಗಿದೆ ಅಂದುಕೊಂಡಿದ್ದ ತೊಗಲಿನಿಂದ ಚಾಕುವಿನ ಮುಂದೆ ಬೂದು ಲೋಳೆಯೊಂದು ಸಣ್ಣ ಅಲೆಯಂತೆ ಎದ್ದು ಬಂತು. ಒರೆಸಿದೆ, ಮತ್ತೆ ಎಳೆದೆ, ಮತ್ತೆ ಬಂತು. ನಾಲ್ಕನೇ ಸಲಕ್ಕೆ ಚಾಕು ಒಣಗಿತ್ತು. ಬಟ್ಟೆಯಲ್ಲಿ ಒತ್ತಿ ತೂಗಿದರೆ 163 ಗ್ರಾಂ. ಐದು ಗ್ರಾಂ, ಅಂದರೆ ಒಂದು ಟೀ ಚಮಚ ನೀರು! ಅದು ತೊಗಲಿಗೂ ಕಾವಲಿಗೂ ನಡುವೆ ಕೂತಿದ್ದರೆ ಆವಿಯಾಗುವುದಕ್ಕೇ ಹನ್ನೊಂದು ಸಾವಿರ ಜೂಲ್ ನುಂಗುತ್ತಿತ್ತು.

ಎರಡನೇ ತೊಡಕು ಮುದುಡುವುದು. ಬಿಸಿ ತಗುಲಿದ ಕೂಡಲೇ ತೊಗಲು ಕುಗ್ಗುತ್ತದೆ, ಮಾಂಸ ಅಷ್ಟು ಬೇಗ ಕುಗ್ಗುವುದಿಲ್ಲ, ಹೋಳು ಬಿಲ್ಲಿನ ಹಾಗೆ ಬಾಗುತ್ತದೆ. ಅಂಚು ಮಾತ್ರ ಕಾವಲಿ ಮುಟ್ಟುತ್ತದೆ, ನಡುವಿನ ತೊಗಲು ಗಾಳಿಯಲ್ಲಿ. ಮೂರನೇ ವಾರದ ಕರಿಕಲು ಇದರದ್ದೇ. ಈ ಸಲ ಇಟ್ಟ ತಕ್ಷಣ ಸಟ್ಟುಗದಿಂದ ಇಪ್ಪತ್ತು ಎಣಿಸುವವರೆಗೆ ಮೆಲ್ಲಗೆ ಒತ್ತಿ ಹಿಡಿದೆ. ಮೊದಲು ಎದುರು ಒತ್ತುತ್ತದೆ, ಆಮೇಲೆ ಸಡಿಲವಾಗುವುದು ಕೈಗೇ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಮಧ್ಯಮ ಉರಿ, ಮುಟ್ಟುವ ಹಾಗಿಲ್ಲ. ಕಿವಿ ಇಟ್ಟು ಕೇಳಿ. ಚಟಪಟ ಎನ್ನುವ ಸದ್ದು ನೀರಿನದ್ದು. ಅದು ಇಳಿದು ಒಂದೇ ಸಮನೆ ಸಣ್ಣ ಚುಂಯ್ ಉಳಿದಾಗ ತೊಗಲು ಹುರಿಯಲು ಶುರುವಾಗಿದೆ ಎಂದರ್ಥ. ಆರು ನಿಮಿಷಕ್ಕೆ ಪಕ್ಕದಿಂದ ನೋಡಿದರೆ ಮುಕ್ಕಾಲು ಭಾಗ ತಿಳಿಬಣ್ಣಕ್ಕೆ ತಿರುಗಿತ್ತು. ಆಗ ಅಲ್ಲಾಡಿಸಿದ್ದು, ಆಗ ಜಾರಿದ್ದು. ಮಗುಚಿ ಒಂದು ನಿಮಿಷ, ಮುಗಿಯಿತು.

ಬೆಣ್ಣೆ ಮಗುಚಿದ ಮೇಲೆಯೇ ಹಾಕಿ. ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರಿರುತ್ತದೆ. ಅಷ್ಟು ಕಷ್ಟಪಟ್ಟು ಹೊರಹಾಕಿದ ನೀರನ್ನು ನಾವೇ ಕರೆದು ಕೂರಿಸಬಾರದು. ನಿಂಬೆರಸವೂ ತೊಗಲಿನ ಮೇಲೆ ಬೇಡ, ತಟ್ಟೆಗೆ ಹಿಂಡಿ, ಮೀನನ್ನು ತೊಗಲು ಮೇಲೆ ಮಾಡಿ ಇಡಿ. ಚಾಕುವಿನ ತುದಿಯಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಮನೆಯವರೆಲ್ಲ ಸರದಿಯಲ್ಲಿ ತಟ್ಟಿ ನೋಡಿದರು, ಮೀನು ಆರುವ ಮುಂಚೆ ತಿನ್ನಿ ಎಂದು ಗದರಬೇಕಾಯಿತು.

ನೀರಿನ ಹುಚ್ಚು ಹಿಡಿದ ಮೇಲೆ ಮೊಟ್ಟೆಯ ಕಡೆ ಕಣ್ಣು ಹೋಗಿದೆ. ಕುದಿಯುವ ನೀರಿಗೆ ಮೊಟ್ಟೆ ಒಡೆದು ಬಿಟ್ಟರೆ ಬಿಳಿ ಎಳೆಗಳು ಹರಡುತ್ತವಲ್ಲ, ಅದೂ ನೀರಿನ ಕಥೆಯೇ. ಮೊಟ್ಟೆ ಹಳತಾದಷ್ಟೂ ಬಿಳಿ ತೆಳ್ಳಗಾಗುತ್ತದೆ, ಹರಡುವುದು ಆ ತೆಳು ಭಾಗ. ಮುಂದಿನ ಬ್ರಂಚ್‌ಗೆ ಮೊಟ್ಟೆಯನ್ನು ಮೊದಲು ಸಣ್ಣ ಜರಡಿಗೆ ಒಡೆದು, ತೆಳು ಬಿಳಿ ಸೋರಿಹೋದ ಮೇಲೆ ಸದ್ದಿಲ್ಲದ ಬಿಸಿನೀರಿಗೆ ಜಾರಿಸುವ ಯೋಜನೆ. ಹಾಗೆ ಬೆಂದದ್ದನ್ನು ಆಲೂಗಡ್ಡೆಯ ಮೇಲೆ ಕೂರಿಸಬೇಕು. ಅದಾದ ಮೇಲೆ ಬೊಂಡಾಸ್, ಅಂದರೆ ಸ್ಕ್ವಿಡ್, ಬೇಯಿಸುವುದು: ಒಂದೋ ಎರಡು ನಿಮಿಷ, ಇಲ್ಲವೇ ಮುಕ್ಕಾಲು ಗಂಟೆ, ನಡುವೆ ನಿಲ್ಲಿಸಿದರೆ ರಬ್ಬರ್. ನಾನು ಎರಡು ನಿಮಿಷದ ಪಕ್ಷ.

ಮೀನಿನ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಬಾಲದ ಕಡೆಯ ತೆಳು ತುದಿ ದಪ್ಪ ಭಾಗಕ್ಕಿಂತ ಎರಡು ನಿಮಿಷ ಮೊದಲೇ ಬೆಂದು ಒಣಗಿತು. ಮುಂದಿನ ವಾರ ಆ ತುದಿಯನ್ನು ಕತ್ತರಿಸಿ ಬೇರೆಯಾಗಿಟ್ಟು ಕೊನೆಗೆ ಹಾಕುತ್ತೇನೆ. ಬೀಡಿನ ಕಾವಲಿಯನ್ನೂ ಪಕ್ಕಕ್ಕಿಟ್ಟು ಮೊದಲ ವಾರದ ಅದೇ ಸ್ಟೀಲ್ ಬಾಣಲೆಯನ್ನು ಹೊರಗೆ ತೆಗೆದಿದ್ದೇನೆ, ತಳದಲ್ಲಿ ಹಳೆಯ ತೊಗಲಿನ ಗುರುತು ಇನ್ನೂ ಇದೆ.